ಗೀಸರ್, ಸೋಲಾರ್, ಗ್ಯಾಸ್, ಹಂಡೆ: ಹಾಸನ, ಚಿಕ್ಕಮಗಳೂರಿನ ಮನೆಗೆ ಯಾವುದು ಸರಿ?

ಮೇ ತಿಂಗಳು ಬಂತೆಂದರೆ ಕೇಳುವವರು ಶುರು. ಗೀಸರ್ ಹನಿ ಹನಿ ಸೋರುತ್ತಿದೆ, ರಿಪೇರಿ ಮಾಡಿಸೋದಾ, ಹೊಸದು ತರೋದಾ? ಸೋಲಾರ್ ಹಾಕಿಸಿದರೆ ಜುಲೈನಲ್ಲಿ ಏನು ಗತಿ? ಅಪ್ಪ ಅಮ್ಮನಿಗೆ ಇನ್ನು ಒಲೆ ಮುಂದೆ ಕೂತು ಉರಿ ಹಾಕೋಕೆ ಆಗಲ್ಲ, ಹಂಡೆ ತೆಗೆಸಿಬಿಡೋದಾ?

ಅಂಗಡಿಯವರನ್ನು ಕೇಳಿದರೆ ಅವರ ಹತ್ತಿರ ಇರುವುದೇ ಒಳ್ಳೆಯದು ಅನ್ನುತ್ತಾರೆ. ಬೆಂಗಳೂರಿನ ನೆಂಟರನ್ನು ಕೇಳಿದರೆ ಬೆಂಗಳೂರಿನ ಲೆಕ್ಕ ಹೇಳುತ್ತಾರೆ. ನಮ್ಮ ಎರಡು ಜಿಲ್ಲೆಗಳ ಕಥೆ ಬೇರೆ. ಕಡೂರಿನ ಬಿಸಿಲು ಕೊಟ್ಟಿಗೆಹಾರದಲ್ಲಿ ಇಲ್ಲ. ಅರಸೀಕೆರೆಯ ಬೋರ್‌ವೆಲ್ ನೀರು ಸಕಲೇಶಪುರದ ತೋಟಗಳಲ್ಲಿ ಇಲ್ಲ. ಒಂದೇ ಜಿಲ್ಲೆಯೊಳಗೆ ಒಬ್ಬರಿಗೆ ಸರಿಹೋದದ್ದು ಇನ್ನೊಬ್ಬರಿಗೆ ದಂಡ. ಹಾಗಾಗಿ ಯಾವ ಕಂಪನಿ ಅನ್ನೋದನ್ನು ಆಮೇಲೆ ನೋಡೋಣ. ಜುಲೈ ತಿಂಗಳ ಬೆಳಗ್ಗೆ ಆರೂವರೆಗೆ ಜಡಿಮಳೆ, ಕರೆಂಟ್ ಬಂದು ಹೋಗಿ ಮಾಡುತ್ತಿದೆ. ಆಗ ನಿಮ್ಮ ಬಚ್ಚಲಿಗೆ ಬಿಸಿನೀರು ಎಲ್ಲಿಂದ ಬರುತ್ತದೆ? ಇದಕ್ಕೆ ಉತ್ತರ ಸಿಕ್ಕರೆ ಉಳಿದ ತಿಂಗಳುಗಳು ತಾನಾಗಿ ನಡೆಯುತ್ತವೆ.

ಮೊದಲು, ನಿಜವಾಗಲೂ ಬದಲಿಸಬೇಕಾ?

ಸೋರುವ ಗೀಸರ್ ಎಲ್ಲಾ ಕೆಟ್ಟ ಗೀಸರ್ ಅಲ್ಲ. ಎಲ್ಲಿಂದ ಸೋರುತ್ತಿದೆ ನೋಡಿ. ಮೇಲಿನ ಪೈಪ್ ಜಾಯಿಂಟಿನಿಂದ ಬರುತ್ತಿದ್ದರೆ ಹೊಸ ಕನೆಕ್ಷನ್ ಪೈಪು, ವಾಷರ್ ಸಾಕು. ಸೇಫ್ಟಿ ವಾಲ್ವಿನಿಂದ ನೀರು ಬಿಸಿಯಾಗುವಾಗ ಮಾತ್ರ ನಾಲ್ಕು ಹನಿ ಬಿದ್ದರೆ ಅದು ತನ್ನ ಕೆಲಸ ಮಾಡುತ್ತಿದೆ ಅಂತ ಅರ್ಥ. ಅದನ್ನು ಮುಚ್ಚಿಸಲು ಹೋಗಬೇಡಿ. ಕಾಯಿಲ್ ಕೂರಿಸಿರುವ ತಳದ ಪ್ಲೇಟಿನ ಸುತ್ತ ಸೋರಿದರೆ ಗ್ಯಾಸ್ಕೆಟ್ ಹೋಗಿರುತ್ತದೆ, ಕಡಿಮೆ ಖರ್ಚಿನ ರಿಪೇರಿ. ಆದರೆ ಹೊರಗಿನ ಕವಚದ ಒಳಗಿಂದ, ಎಲ್ಲಿಂದ ಅಂತ ಗೊತ್ತಾಗದ ಹಾಗೆ ನೀರು ಇಳಿಯುತ್ತಿದ್ದರೆ ಒಳಗಿನ ಟ್ಯಾಂಕ್ ತೂತಾಗಿದೆ. ಅದಕ್ಕೆ ಬೆಸುಗೆ ಹಾಕಿಸಿ ದುಡ್ಡು ಕಳೆಯಬೇಡಿ. ಒಂದು ಕಡೆ ತುಕ್ಕು ತಿಂದ ಟ್ಯಾಂಕ್ ಇನ್ನೊಂದು ಕಡೆಯೂ ತಿಂದಿರುತ್ತದೆ.

ನೀರು ಕಾಯಲು ಮೊದಲಿಗಿಂತ ಜಾಸ್ತಿ ಹೊತ್ತು ಹಿಡಿಯುತ್ತಿದೆ, ಒಳಗಿಂದ ಸಿಡಿಯುವ, ಕುದಿಯುವ ಸದ್ದು ಬರುತ್ತಿದೆ ಅಂದರೆ ಕಾಯಿಲ್ ಮೇಲೆ ಸುಣ್ಣದ ಪದರ ಕಟ್ಟಿದೆ. ಬಿಚ್ಚಿ ತೊಳೆದರೆ ಅಥವಾ ಕಾಯಿಲ್ ಬದಲಿಸಿದರೆ ಸರಿಹೋಗುತ್ತದೆ. ನೀರೇ ಕಾಯದಿದ್ದರೆ ಬಿಸಿಯನ್ನು ಹದದಲ್ಲಿಡುವ ಥರ್ಮೋಸ್ಟಾಟ್ ಅಥವಾ ಬಿಸಿ ಮಿತಿಮೀರಿದರೆ ಕರೆಂಟ್ ಕಡಿಯುವ ಕಟ್‌ಔಟ್ ಹೋಗಿರಬಹುದು. ಇದೂ ರಿಪೇರಿಯೇ. ಬಿಸಿನೀರು ಮಾತ್ರ ಕೆಂಪಗೆ ಬರುತ್ತಿದ್ದು ತಣ್ಣೀರು ತಿಳಿಯಾಗಿದ್ದರೆ ತುಕ್ಕು ಟ್ಯಾಂಕಿನಲ್ಲೇ ಇದೆ. ಆಗ ಹೊಸದರ ಲೆಕ್ಕ ಶುರು ಮಾಡಿ.

ನೀರು ಮುಟ್ಟಿದಾಗ ಜುಂ ಅಂದರೆ, ಅಥವಾ ಗೀಸರ್ ಹಾಕಿದ ಕೂಡಲೇ ಮನೆಯ ಟ್ರಿಪ್ಪರ್ ಬಿದ್ದರೆ, ಅವತ್ತೇ ಸ್ವಿಚ್ ಬಂದ್ ಮಾಡಿ ಎಲೆಕ್ಟ್ರಿಷಿಯನ್ ಕರೆಸಿ. ಬೀಳುವ ಟ್ರಿಪ್ಪರನ್ನು ತಪ್ಪಿಸಿ ನೇರ ಲೈನ್ ಕೊಡುವ ‘ಉಪಕಾರಿ’ಗಳು ಎಲ್ಲಾ ಊರಲ್ಲೂ ಇದ್ದಾರೆ. ಅವರನ್ನು ಬಾಗಿಲಲ್ಲೇ ಕಳಿಸಿಬಿಡಿ.

ನನ್ನ ಅಳತೆ ಹೀಗಿದೆ. ಗೀಸರಿಗೆ ಎಂಟು ಹತ್ತು ವರ್ಷ ಆಗಿದ್ದು, ರಿಪೇರಿ ಖರ್ಚು ಹೊಸದರ ಮೂರನೇ ಒಂದು ಭಾಗ ದಾಟಿದರೆ ಬದಲಿಸಿ. ಐದು ವರ್ಷದೊಳಗಿನದಾದರೆ ರಿಪೇರಿ ಮಾಡಿಸಿ. ಅದಕ್ಕೂ ಮುಂಚೆ ವಾರಂಟಿ ಕಾರ್ಡ್ ಹುಡುಕಿ. ಟ್ಯಾಂಕಿನ ವಾರಂಟಿ ಉಳಿದ ಭಾಗಗಳಿಗಿಂತ ಜಾಸ್ತಿ ವರ್ಷ ಇರುತ್ತದೆ, ಜನ ಅದನ್ನು ಮರೆತುಬಿಡುತ್ತಾರೆ.

ಸೋಲಾರಿನಲ್ಲೂ ಹೀಗೇ. ಗಾಜಿನ ಕೊಳವೆ ಒಡೆದರೆ ಆ ಒಂದು ಕೊಳವೆ ಮಾತ್ರ ಬದಲಿಸಬಹುದು. ಕೊಳವೆಯ ತುದಿಯಲ್ಲಿ ಬೆಳ್ಳಿ ಬಣ್ಣದ ಒಂದು ಪಟ್ಟೆ ಇರುತ್ತದೆ. ಅದು ಹಾಲಿನಂತೆ ಬೆಳ್ಳಗಾಗಿದ್ದರೆ ಒಳಗಿನ ನಿರ್ವಾತ ಹೋಗಿದೆ, ಆ ಕೊಳವೆ ಇದ್ದೂ ಇಲ್ಲದಂತೆ. ನೀರು ಸಾಕಷ್ಟು ಬಿಸಿ ಬರುತ್ತಿಲ್ಲ ಅಂತ ಇಡೀ ಸಿಸ್ಟಮ್ ಬದಲಿಸುವ ಮೊದಲು ಈ ಪಟ್ಟೆಗಳನ್ನು ನೋಡಿ. ಜೊತೆಗೆ ಸುತ್ತ ಬೆಳೆದ ಸಿಲ್ವರ್ ಓಕ್ ಅಥವಾ ತೆಂಗಿನ ನೆರಳು ಈಗ ಪ್ಯಾನೆಲ್ ಮೇಲೆ ಬೀಳುತ್ತಿದೆಯಾ ಅಂತಲೂ ನೋಡಿ. ಹತ್ತು ವರ್ಷದ ಹಿಂದೆ ಗಿಡವಾಗಿದ್ದದ್ದು ಈಗ ಮರ.

ಆಯ್ಕೆಗೆ ಮೊದಲು ನೋಡಬೇಕಾದದ್ದು

ಮೊದಲನೆಯದು ಆಕಾಶ. ಮೂಡಿಗೆರೆ, ಕೊಪ್ಪ, ಶೃಂಗೇರಿ, ಸಕಲೇಶಪುರದ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಸಿಲನ್ನು ನಂಬುವ ಹಾಗಿಲ್ಲ. ಹಾಸನ ನಗರ, ಚಿಕ್ಕಮಗಳೂರು ನಗರ ನಡುವಿನ ಸ್ಥಿತಿ. ಮೋಡ ಜಾಸ್ತಿ, ಆದರೂ ನಡುನಡುವೆ ಬಿಸಿಲು ಇಣುಕುತ್ತದೆ. ಕಡೂರು, ಅರಸೀಕೆರೆ, ಚನ್ನರಾಯಪಟ್ಟಣದ ಬಯಲಿನಲ್ಲಿ ಮಳೆಗಾಲದಲ್ಲೂ ಎಷ್ಟೋ ದಿನ ಬಿಸಿಲು ಕಾಯುತ್ತದೆ.

ಎರಡನೆಯದು ನೀರು. ಬಯಲು ಸೀಮೆಯ ಬೋರ್‌ವೆಲ್ ನೀರು ಗಡಸು. ಸೋಪು ನೊರೆ ಬರಲ್ಲ, ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಬಿಳಿ ಪೊರೆ ಕೂರುತ್ತದೆ. ಕುಡಿಯುವ ನೀರಿನ ಭಾರತೀಯ ಮಾನದಂಡದಲ್ಲಿ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ನೀರು ಸಿಗದಿದ್ದರೆ 600ರವರೆಗೆ ನಡೆಯುತ್ತದೆ. ಗೀಸರಿಗೆ ಈ 600 ಭಾರೀ ಜಾಸ್ತಿಯಾಯಿತು. ಇನ್ನೊಂದು ಮಾತು. ಮಾರಾಟಗಾರರು ನೀರಿಗೆ ಅದ್ದಿ ತೋರಿಸುವ ಟಿಡಿಎಸ್ ಪೆನ್ನು ಗಡಸುತನ ಹೇಳಲ್ಲ, ಕರಗಿದ ಲವಣವನ್ನೆಲ್ಲ ಒಟ್ಟಿಗೆ ಅಳೆಯುತ್ತದೆ. ಗಡಸುತನಕ್ಕೆ ಬೇರೆ ಟೆಸ್ಟ್ ಕಿಟ್ ಬರುತ್ತದೆ. ಮಲೆನಾಡಿನಲ್ಲಿ ಗುಡ್ಡದ ಒರತೆಯಿಂದ ಕಪ್ಪು ಪೈಪಿನಲ್ಲಿ ಇಳಿಯುವ ನೀರು ಮೆದು, ಸುಣ್ಣದ ಕಾಟ ಇಲ್ಲ. ಆದರೆ ಮಳೆಗಾಲದಲ್ಲಿ ಮಣ್ಣು, ಎಲೆಚೂರು ಬರುತ್ತದೆ. ಗೀಸರ್ ಬಾಯಿಗೆ ಒಂದು ಜಾಲರಿ ಫಿಲ್ಟರ್ ಬೇಕೇ ಬೇಕು.

ಮೂರನೆಯದು ಕರೆಂಟ್. ಮಳೆಗಾಲದಲ್ಲಿ ಲೈನ್ ಮೇಲೆ ಮರ ಬಿದ್ದರೆ ತೋಟದ ಮನೆಗಳಿಗೆ ದಿನಗಟ್ಟಲೆ ಕರೆಂಟ್ ಇರಲ್ಲ. ಮನೆಯ ಸಾಮಾನ್ಯ ಇನ್ವರ್ಟರ್ ಗೀಸರ್ ಎಳೆಯಲ್ಲ. ಕರೆಂಟ್ ಇದ್ದಾಗಲೂ ವೋಲ್ಟೇಜ್ ಎಷ್ಟಿದೆ ನೋಡಿ. 230ರ ಜಾಗದಲ್ಲಿ 180 ಬಂದರೆ 2000 ವ್ಯಾಟಿನ ಕಾಯಿಲ್ ಕೆಲಸ ಮಾಡುವುದು 1200 ವ್ಯಾಟಿನಷ್ಟೇ. ‘ಗೀಸರ್ ಸರಿಯಿಲ್ಲ’ ಅನ್ನುವ ಎಷ್ಟೋ ದೂರಿನ ಮೂಲ ಇದೇ.

ನಾಲ್ಕನೆಯದು ಎಷ್ಟು ಬಕೆಟ್ ಅನ್ನೋದು. ಇಲ್ಲಿ ಸ್ವಲ್ಪ ಲೆಕ್ಕ ಹಾಕೋಣ, ಮುಂದೆ ಎಲ್ಲದಕ್ಕೂ ಬೇಕಾಗುತ್ತದೆ. 16 ಲೀಟರಿನ ಒಂದು ಬಕೆಟ್ ನೀರನ್ನು 20 ಡಿಗ್ರಿಯಿಂದ ಸ್ನಾನಕ್ಕೆ ಹಿತವಾದ 41 ಡಿಗ್ರಿಗೆ ಏರಿಸಲು ಸುಮಾರು 0.4 ಯೂನಿಟ್ ಶಕ್ತಿ ಬೇಕು. ಯಾವ ಯಂತ್ರ ತಂದರೂ ಇದು ಬದಲಾಗಲ್ಲ. ನಾಲ್ಕು ಜನರಿಗೆ ತಲಾ ಒಂದು ಬಕೆಟ್ ಅಂದರೆ 1.6 ಯೂನಿಟ್. ಸೋರಿಹೋಗುವ ಬಿಸಿ ಸೇರಿಸಿ ದಿನಕ್ಕೆ 1.8 ಅಂತ ಹಿಡಿಯಿರಿ. ತಿಂಗಳಿಗೆ 54 ಯೂನಿಟ್. ಶವರ್ ಕೆಳಗೆ ಎಂಟು ನಿಮಿಷ ನಿಲ್ಲುವ ಮಕ್ಕಳಿದ್ದರೆ ಒಬ್ಬರಿಗೇ ನಾಲ್ಕು ಬಕೆಟ್ ಹೋಗಬಹುದು. ಆಗ ಲೆಕ್ಕವೇ ಬೇರೆ.

ಇದಕ್ಕೆ ಅಂಟಿಕೊಂಡಿರುವುದು ಗೃಹಜ್ಯೋತಿ. 200 ಯೂನಿಟ್ ಉಚಿತ ಅಂತ ಬಾಯಲ್ಲಿ ಹೇಳುತ್ತೇವೆ. ಆದರೆ ಪ್ರತಿ ಮನೆಗೂ ಅದರ ಹಳೆಯ ಸರಾಸರಿ ಬಳಕೆಯ ಮೇಲೆ ಒಂದು ಮಿತಿ ಇದೆ. ಆ ಮಿತಿ ದಾಟಿದರೆ ಜಾಸ್ತಿಯಾದ ಯೂನಿಟ್ಟಿಗೆ ಕಟ್ಟಬೇಕು. 200 ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ಇಷ್ಟು ದಿನ ಒಲೆಯಲ್ಲಿ ನೀರು ಕಾಯಿಸಿ ತಿಂಗಳಿಗೆ 60 ಯೂನಿಟ್ ಬಳಸುತ್ತಿದ್ದ ಮನೆಗೆ ಗೀಸರ್ ಬಂದರೆ ಆ 54 ಯೂನಿಟ್ ಹೆಚ್ಚುಕಡಿಮೆ ಪೂರ್ತಿ ಕೈಯಿಂದಲೇ. ಈಗಾಗಲೇ 160 ಬಳಸುವ ಮನೆಯಾದರೆ 200ರ ಗೆರೆ ದಾಟುವ ಭಯ. ಬಿಲ್ಲಿನಲ್ಲಿ ನಿಮ್ಮ ಮಿತಿ ಎಷ್ಟಿದೆ ನೋಡಿಕೊಂಡೇ ಮುಂದಿನದನ್ನು ಓದಿ.

ಕೊನೆಯದಾಗಿ, ಅದನ್ನು ನಡೆಸುವವರು ಯಾರು? ಸೌದೆ ಹೊರುವ, ಬೂದಿ ಬಳಿಯುವ, ಬಿಸಿನೀರು ಬಕೆಟ್ ಎತ್ತುವ ಕೈಗಳಿಗೆ ವಯಸ್ಸೆಷ್ಟು? ಹಣದ ಲೆಕ್ಕ ಎಷ್ಟೇ ಮಾಡಿದರೂ ಎಷ್ಟೋ ಮನೆಗಳಲ್ಲಿ ಕೊನೆಗೆ ತೀರ್ಮಾನ ಮಾಡುವುದು ಇದೇ.

ಕರೆಂಟ್ ಗೀಸರ್: ಟ್ಯಾಂಕ್ ಇರುವುದು

ನಗರದ ಮನೆಗಳಿಗೆ ಇದು ಸುಲಭದ ದಾರಿ. 15 ಲೀಟರಿನದು ಅಂದಾಜು 6ರಿಂದ 10 ಸಾವಿರ, 25 ಲೀಟರಿನದು 8ರಿಂದ 13 ಸಾವಿರದ ಆಸುಪಾಸು. ಯಾವ ಅಳತೆ? 25 ಲೀಟರ್ ನೀರು 60 ಡಿಗ್ರಿ ಕಾದರೆ, ತಣ್ಣೀರು ಬೆರೆಸಿ ಹೆಚ್ಚುಕಡಿಮೆ ಮೂರು ಬಕೆಟ್ ಆಗುತ್ತದೆ. 15 ಲೀಟರಿನದು ಎರಡಕ್ಕೆ ಸ್ವಲ್ಪ ಕಮ್ಮಿ. 2 ಕಿಲೋವ್ಯಾಟ್ ಕಾಯಿಲ್ 25 ಲೀಟರ್ ಕಾಯಿಸಲು ಮೂವತ್ತೈದು ನಿಮಿಷ, 15 ಲೀಟರಿಗೆ ಇಪ್ಪತ್ತು ನಿಮಿಷ ಚಿಲ್ಲರೆ ತೆಗೆದುಕೊಳ್ಳುತ್ತದೆ. ಒಬ್ಬರಾದ ಮೇಲೆ ಒಬ್ಬರು ಹದಿನೈದು ನಿಮಿಷದ ಅಂತರದಲ್ಲಿ ಹೋಗುವ ಮನೆಗೆ 15 ಸಾಕು. ಏಳು ಗಂಟೆಗೆ ಎಲ್ಲರಿಗೂ ಒಟ್ಟಿಗೆ ಬೇಕಾದರೆ 25.

ಸ್ಟಾರ್ ಬಗ್ಗೆ ಒಂದು ಮಾತು. ಐದು ಸ್ಟಾರ್ ಅಂದರೆ ನೀರು ಕಡಿಮೆ ಕರೆಂಟಿನಲ್ಲಿ ಕಾಯುತ್ತದೆ ಅಂತ ಜನ ಅಂದುಕೊಂಡಿದ್ದಾರೆ. ಸ್ಟಾರ್ ಅಳೆಯುವುದು ಕಾದ ನೀರು ಟ್ಯಾಂಕಿನಲ್ಲಿ ಸುಮ್ನೆ ಇದ್ದಾಗ ಎಷ್ಟು ಬಿಸಿ ಕಳೆದುಕೊಳ್ಳುತ್ತದೆ ಅನ್ನೋದನ್ನು. ಇಡೀ ದಿನ ಸ್ವಿಚ್ ಹಾಕಿಯೇ ಬಿಡುವವರಿಗೆ ಐದು ಸ್ಟಾರ್ ಬೇಕು. ಸ್ನಾನಕ್ಕೆ ಅರ್ಧ ಗಂಟೆ ಮೊದಲು ಹಾಕಿ, ಆಮೇಲೆ ಆರಿಸುವ ಮನೆಗೆ ನಾಲ್ಕಕ್ಕೂ ಐದಕ್ಕೂ ದೊಡ್ಡ ವ್ಯತ್ಯಾಸ ಕಾಣಲ್ಲ. ಆ ದುಡ್ಡನ್ನು ಒಳ್ಳೆಯ ಟ್ಯಾಂಕ್ ಮತ್ತು ಅರ್ಥಿಂಗಿಗೆ ಹಾಕಿ.

ಗಡಸು ನೀರಿನ ಊರಿನವರು ಗಾಜಿನ ಲೇಪದ ಟ್ಯಾಂಕ್, ಲೇಪವಿರುವ ಕಾಯಿಲ್ ಕೇಳಿ. ಥರ್ಮೋಸ್ಟಾಟ್ 50–55ರಲ್ಲಿ ಇಡಿ. ಬಿಸಿ ಏರಿದಷ್ಟೂ ಸುಣ್ಣ ಬೇಗ ಕಟ್ಟುತ್ತದೆ. ಟ್ಯಾಂಕಿನೊಳಗೆ ಆನೋಡ್ ಅನ್ನುವ ಮೆಗ್ನೀಸಿಯಂ ಕಡ್ಡಿ ಇರುತ್ತದೆ. ತುಕ್ಕು ಅದನ್ನು ತಿಂದು ಟ್ಯಾಂಕನ್ನು ಬಿಡುತ್ತದೆ. ಆ ಕಡ್ಡಿ ಮುಗಿದ ಮೇಲೆ ಟ್ಯಾಂಕಿನ ಸರದಿ. ಒಂದೆರಡು ವರ್ಷಕ್ಕೊಮ್ಮೆ ಬಿಚ್ಚಿ ನೋಡಿಸಿ, ಸವೆದಿದ್ದರೆ ಹೊಸದು ಹಾಕಿಸಿ. ಇಷ್ಟು ಮಾಡಿದರೆ ಗೀಸರ್ ಹತ್ತು ವರ್ಷ ದಾಟುತ್ತದೆ. ಮಾಡಿಸುವವರು ಮಾತ್ರ ಬಲು ಅಪರೂಪ.

ಮಲೆನಾಡಿನವರಿಗೆ ಇನ್ನೊಂದು ಸಲಹೆ. ಡಿಜಿಟಲ್ ಡಿಸ್‌ಪ್ಲೇ, ವೈಫೈ ಇರುವ ಮಾಡೆಲ್ ಬೇಡ. ಏಪ್ರಿಲ್, ಮೇ ತಿಂಗಳ ಗುಡುಗು ಸಿಡಿಲಿಗೆ ಮೊದಲು ಸುಡುವುದು ಆ ಬೋರ್ಡ್. ತಿರುಗಿಸುವ ನಾಬ್ ಇರುವ ಸಾದಾ ಗೀಸರ್ ತಗೊಳ್ಳಿ. ಯಾವ ಊರಿನ ಎಲೆಕ್ಟ್ರಿಷಿಯನ್ ಬೇಕಾದರೂ ರಿಪೇರಿ ಮಾಡುತ್ತಾರೆ.

ಇನ್‌ಸ್ಟಂಟ್ ಗೀಸರ್

ಮೂರು ಲೀಟರಿನ ಚಿಕ್ಕ ಗೀಸರ್ 3ರಿಂದ 5 ಸಾವಿರಕ್ಕೆ ಸಿಗುತ್ತದೆ. ಅಡುಗೆಮನೆಯ ಸಿಂಕಿಗೆ ಚೆನ್ನ. ಬಾಡಿಗೆ ಮನೆಯಲ್ಲಿ ಒಬ್ಬರೇ ಇರುವವರಿಗೂ ಪರವಾಗಿಲ್ಲ, ಮನೆ ಬಿಡುವಾಗ ಬಿಚ್ಚಿಕೊಂಡು ಹೋಗಬಹುದು. ಆದರೆ 3 ಕಿಲೋವ್ಯಾಟಿನಲ್ಲಿ ನಿಮಿಷಕ್ಕೆ ಎರಡು ಲೀಟರ್ ಚಿಲ್ಲರೆ ಮಾತ್ರ ಹದವಾಗಿ ಕಾದು ಬರುತ್ತದೆ. ಡಿಸೆಂಬರ್ ಚಳಿಯಲ್ಲಿ ಒಂದು ಬಕೆಟ್ ತುಂಬುವಷ್ಟರಲ್ಲಿ ಏಳೆಂಟು ನಿಮಿಷ. ವೋಲ್ಟೇಜ್ ಇಳಿದರೆ ಅದೂ ಇಲ್ಲ. ಹಳ್ಳಿ ಮನೆಗೆ ನಾನು ಹೇಳಲ್ಲ. ಬಕೆಟ್ಟಿಗೆ ಇಳಿಸುವ ಕಾಯಿಲ್ ರಾಡಂತೂ ಚರ್ಚೆಗೇ ಬೇಡ. ಸ್ವಿಚ್ ಆರಿಸದೆ ಕೈ ಹಾಕಿ ಜೀವ ಕಳೆದುಕೊಂಡವರ ಸುದ್ದಿ ಪೇಪರಿನಲ್ಲಿ ನೀವೂ ಓದಿರುತ್ತೀರಿ.

ಗ್ಯಾಸ್ ಗೀಸರ್

ಲೆಕ್ಕದಲ್ಲಿ ಗ್ಯಾಸ್ ಕೆಟ್ಟದ್ದಲ್ಲ. ಒಂದು ಬಕೆಟ್ಟಿಗೆ ನಲವತ್ತು ಗ್ರಾಂ ಒಳಗೆ ಗ್ಯಾಸ್ ಸಾಕು. ನಾಲ್ಕು ಜನರ ಬಕೆಟ್ ಸ್ನಾನಕ್ಕೆ 14.2 ಕೆಜಿ ಸಿಲಿಂಡರ್ ಮೂರು ತಿಂಗಳು ಬರುತ್ತದೆ, ವರ್ಷಕ್ಕೆ ನಾಲ್ಕು ಸಿಲಿಂಡರ್. ಕರೆಂಟ್ ಇಲ್ಲದಾಗಲೂ ಉರಿಯುತ್ತದೆ, ಕಿಡಿಗೆ ಸೆಲ್ ಸಾಕು. ವೋಲ್ಟೇಜ್ ತಂಟೆ ಇಲ್ಲ.

ಭಯ ಇರುವುದು ಹೊಗೆಯಲ್ಲಿ. ಮುಚ್ಚಿದ ಬಚ್ಚಲಲ್ಲಿ ಗ್ಯಾಸ್ ಉರಿದರೆ ಆಮ್ಲಜನಕ ಕಡಿಮೆಯಾಗಿ ಕಾರ್ಬನ್ ಮೊನಾಕ್ಸೈಡ್ ತುಂಬುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ತಲೆ ಸುತ್ತು ಬಂದು ಬಿದ್ದವರಿಗೆ ಬಾಗಿಲು ತೆಗೆಯುವಷ್ಟು ಶಕ್ತಿಯೂ ಉಳಿಯಲ್ಲ. ಮಲೆನಾಡಿನ ಬಚ್ಚಲುಗಳಲ್ಲಿ ಚಳಿ, ಮಳೆ ಎರಚಲು ಅಂತ ಕಿಟಕಿ ಮುಚ್ಚಿಡುವುದು ನಮಗೆ ಅಭ್ಯಾಸ, ಅಲ್ವಾ? ಅದೇ ಇಲ್ಲಿ ಕಂಟಕ. ಗೀಸರ್ ಮತ್ತು ಸಿಲಿಂಡರ್ ಎರಡೂ ಬಚ್ಚಲಿನ ಹೊರಗೆ, ಗಾಳಿಯಾಡುವ ಹಿತ್ತಿಲ ಗೋಡೆಯ ಮೇಲೆ, ಸೂರಿನ ಕೆಳಗೆ ಇರಬೇಕು. ಬಿಸಿನೀರಿನ ಪೈಪ್ ಮಾತ್ರ ಒಳಗೆ ಬರಲಿ. ಹಾಗೆ ಮಾಡಲು ಜಾಗ ಇಲ್ಲದಿದ್ದರೆ ಗ್ಯಾಸ್ ಗೀಸರ್ ಬೇಡ. ಇದರಲ್ಲಿ ರಾಜಿ ಇಲ್ಲ.

ಇನ್ನೊಂದು ತೊಡಕು ಒತ್ತಡದ್ದು. ನೀರಿನ ಟ್ಯಾಂಕ್ ಗೀಸರಿಗಿಂತ ಎರಡು ಮೂರು ಮೀಟರ್ ಎತ್ತರದಲ್ಲಿ ಇಲ್ಲದಿದ್ದರೆ ಎಷ್ಟೋ ಮಾಡೆಲ್ ಹತ್ತಿಕೊಳ್ಳುವುದೇ ಇಲ್ಲ. ಒಂದೇ ಅಂತಸ್ತಿನ, ತಾರಸಿ ಮೇಲೇ ಟ್ಯಾಂಕ್ ಇಟ್ಟಿರುವ ಮನೆಯವರು ಕೊಳ್ಳುವ ಮೊದಲು ಎತ್ತರ ಅಳೆಯಿರಿ.

ಸೋಲಾರ್

ಜಾಸ್ತಿ ಗೊಂದಲ ಇರುವುದು ಇದರಲ್ಲೇ. 100 ಲೀಟರಿನ ಕೊಳವೆ ಸೋಲಾರ್ ಅಂದಾಜು 18ರಿಂದ 25 ಸಾವಿರ. ತಾಮ್ರದ ಪ್ಯಾನೆಲ್ ಇರುವುದಕ್ಕೆ ಅದರ ಒಂದೂವರೆ ಪಟ್ಟು ಆಗಬಹುದು. 2025ರ ಸೆಪ್ಟೆಂಬರ್ 22ರಿಂದ ಸೋಲಾರ್ ವಾಟರ್ ಹೀಟರ್ ಮೇಲಿನ ಜಿಎಸ್‌ಟಿ ಶೇ 12ರಿಂದ 5ಕ್ಕೆ ಇಳಿದಿದೆ. ಹಳೆಯ ಕೊಟೇಶನ್ ಹಿಡಿದು ಕೂತಿದ್ದರೆ ಹೊಸದು ಕೇಳಿ.

ಕೊಳವೆಯಾ, ಪ್ಯಾನೆಲ್ಲಾ? ಮೋಡದ ಊರಿಗೆ ಗಾಜಿನ ಕೊಳವೆ ಮೇಲು. ನಿರ್ವಾತ ಇರುವುದರಿಂದ ಸಿಕ್ಕ ಬಿಸಿಯನ್ನು ಚಳಿಗಾಳಿಗೆ ಬಿಟ್ಟುಕೊಡಲ್ಲ. ಗಡಸು ನೀರಿಗೂ ಅದೇ ಸುಲಭ, ಕೊಳವೆ ಅಗಲ ಇರುವುದರಿಂದ ಬೇಗ ಕಟ್ಟಿಕೊಳ್ಳಲ್ಲ. ಪ್ಯಾನೆಲ್ಲಿನ ಸಣ್ಣ ತಾಮ್ರದ ನಾಳಗಳು ಸುಣ್ಣದಿಂದ ಮುಚ್ಚಿಹೋಗುತ್ತವೆ. ಆದರೆ ತೋಟದ ಮನೆಯವರು ಮಂಗಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಕೊಳವೆಗಳ ಮೇಲೆ ಅವು ಕುಣಿದರೆ ಗಾಜು ಉಳಿಯಲ್ಲ. ಮಂಗನ ಕಾಟ ಇದ್ದು, ನೀರು ಮೆದುವಾಗಿದ್ದರೆ ಗಟ್ಟಿ ಗಾಜಿನ ಪ್ಯಾನೆಲ್ ವಾಸಿ.

ಜಾಗದ ಪ್ರಶ್ನೆಯೂ ಇದೆ. ಹೆಂಚಿನ ಮನೆಯ ಮೇಲೆ ನೇರ ಕೂರಿಸಲು ಆಗಲ್ಲ. ನೀರು ತುಂಬಿದ 200 ಲೀಟರ್ ಸಿಸ್ಟಮ್ ಹತ್ತಿರ ಹತ್ತಿರ ಮುನ್ನೂರು ಕೆಜಿ ಭಾರ. ಅಂಗಳದಲ್ಲಿ ಬೇರೆ ಸ್ಟ್ಯಾಂಡ್ ಕಟ್ಟಬೇಕು, ಅದು ದಕ್ಷಿಣಕ್ಕೆ ಮುಖ ಮಾಡಬೇಕು, ತಣ್ಣೀರಿನ ಟ್ಯಾಂಕ್ ಅದಕ್ಕಿಂತ ಎತ್ತರದಲ್ಲಿ ಇರಬೇಕು. ಈ ಕಬ್ಬಿಣದ ಕೆಲಸದ ಖರ್ಚನ್ನು ಕೊಟೇಶನ್ನಿನಲ್ಲಿ ಬರೆಸಿಕೊಳ್ಳಿ. ಬಚ್ಚಲು ದೂರ ಇದ್ದರೆ ಪ್ರತಿದಿನ ಮೊದಲ ಒಂದು ಬಕೆಟ್ ತಣ್ಣೀರು ಬರುತ್ತದೆ. ಬಯಲು ಸೀಮೆಯಲ್ಲಿ ಆ ಬಕೆಟ್ಟೂ ದುಬಾರಿ.

ಈಗ ಹಣ. ಮೇಲಿನ 1.8 ಯೂನಿಟ್ ಲೆಕ್ಕಕ್ಕೆ ವರ್ಷಕ್ಕೆ 650 ಯೂನಿಟ್ ಆಯಿತು. ಯೂನಿಟ್ಟಿಗೆ ಎಲ್ಲಾ ಸೇರಿ 7 ರೂಪಾಯಿ ಹಿಡಿದರೆ 4,500 ರೂಪಾಯಿ. ಹಾಸನ ನಗರದಲ್ಲಿ ಸೋಲಾರ್ ಒಂಬತ್ತು ತಿಂಗಳು ಕೈಹಿಡಿಯಿತು ಅನ್ನಿ, ಉಳಿತಾಯ 3,400ರ ಹತ್ತಿರ. 22 ಸಾವಿರ ಹಾಕಿದ್ದು ವಾಪಸ್ ಬರಲು ಆರೂವರೆ ವರ್ಷ. ಅಂಗಡಿಯವರು ಹೇಳುವ ‘ಎರಡು ವರ್ಷದಲ್ಲಿ ದುಡ್ಡು ವಾಪಸ್’ ಬಕೆಟ್ ಸ್ನಾನದ ಮನೆಗೆ ಆಗುವ ಮಾತಲ್ಲ. ಗೃಹಜ್ಯೋತಿ ಮಿತಿಯೊಳಗೇ ಗೀಸರ್ ನಡೆಯುತ್ತಿದ್ದರೆ ಉಳಿತಾಯವೇ ಇಲ್ಲ. ಅದೇ ಆರು ಜನರ ಮನೆ, ಶವರ್, ಪಾತ್ರೆ ತೊಳೆಯಲೂ ಬಿಸಿನೀರು ಅಂದರೆ ಎರಡು ಮೂರು ವರ್ಷದಲ್ಲೇ ಲಾಭ ಶುರು.

ಮಳೆಗಾಲದ ಬ್ಯಾಕಪ್ ಬಗ್ಗೆ ಯಾರೂ ಬಿಡಿಸಿ ಹೇಳಲ್ಲ. ಸೋಲಾರ್ ಟ್ಯಾಂಕಿನೊಳಗೇ ಒಂದು ಕಾಯಿಲ್ ಹಾಕಿಕೊಡುತ್ತಾರೆ. ಬಿಸಿಲಿಲ್ಲದ ದಿನ ಅದನ್ನು ಹಾಕಿದರೆ ನೂರು ಲೀಟರ್ ಪೂರ್ತಿ ಕಾಯುತ್ತದೆ. 20ರಿಂದ 50 ಡಿಗ್ರಿಗೆ ಏರಲು ಮೂರೂವರೆ ಯೂನಿಟ್. ಮನೆಯಲ್ಲಿ ಸ್ನಾನ ಮಾಡುವವರು ಇಬ್ಬರೇ ಆದರೂ ಅಷ್ಟೇ. ಅದರ ಬದಲು ಬಚ್ಚಲಲ್ಲಿ 15 ಲೀಟರಿನ ಗೀಸರ್ ಇಟ್ಟು, ಸೋಲಾರ್ ನೀರು ಅದರ ಮೂಲಕ ಹಾದುಬರುವಂತೆ ಜೋಡಿಸಿ. ಬಿಸಿಲಿದ್ದ ದಿನ ಗೀಸರ್ ಹಾಕುವುದೇ ಬೇಡ. ಮೋಡದ ದಿನ ಸೋಲಾರಿನಿಂದ 30 ಡಿಗ್ರಿಗೆ ಬಂದ ನೀರನ್ನು ಅದು ಸ್ವಲ್ಪ ಏರಿಸಿದರೆ ಸಾಕು. ಜಡಿಮಳೆಯಲ್ಲಿ ನಿಮಗೆ ಬೇಕಾದಷ್ಟನ್ನೇ ಕಾಯಿಸುತ್ತದೆ. ಸೋಲಾರ್ ನೀರು 70 ಡಿಗ್ರಿ ಮೀರುವುದೂ ಉಂಟು. ಆದ್ದರಿಂದ ಟ್ಯಾಂಕ್ ಇರುವ ಗೀಸರೇ ಆಗಬೇಕು, ಬಿಸಿನೀರು ಒಳಬಿಟ್ಟರೆ ನಡೆಯುತ್ತದೆಯಾ ಅಂತ ಕಂಪನಿಯವರನ್ನು ಕೇಳಿಕೊಳ್ಳಿ. ಪೈಪ್ ಸಿಪಿವಿಸಿ ಇರಲಿ. ಸಾದಾ ಪಿವಿಸಿ ಬಾಗಿಹೋಗುತ್ತದೆ.

ಕೇಂದ್ರದ ಪಿಎಂ ಸೂರ್ಯಘರ್ ಯೋಜನೆಯ ಸಬ್ಸಿಡಿ ಕರೆಂಟ್ ಮಾಡುವ ಸೋಲಾರಿಗೆ, ನೀರು ಕಾಯಿಸುವುದಕ್ಕಲ್ಲ. ಮೂರು ಕಿಲೋವ್ಯಾಟಿಗೆ 78 ಸಾವಿರದವರೆಗೆ ಬರುತ್ತದೆ. ತಿಂಗಳಿಗೆ 200 ಯೂನಿಟ್ ಹೇಗೂ ದಾಟುವ ಮನೆಯವರು ಅದನ್ನು ಹಾಕಿಸಿ ಸಾದಾ ಗೀಸರ್ ಇಟ್ಟುಕೊಳ್ಳುವ ದಾರಿಯನ್ನೂ ತೂಗಿ ನೋಡಬಹುದು.

ಹಂಡೆ, ಕಟ್ಟಿಗೆ ಬಾಯ್ಲರ್

ಹಂಡೆ ತೆಗೆಸಿಬಿಡೋದಾ ಅಂತ ಕೇಳಿದವರಿಗೆ ನನ್ನ ಉತ್ತರ: ತೋಟ ಇದ್ದರೆ ತೆಗೆಸಬೇಡಿ. ಮರಗಸಿ ಮಾಡಿದಾಗ ಬೀಳುವ ಕೊಂಬೆ, ಕಿತ್ತ ಕಾಫಿ ಗಿಡದ ಬೊಡ್ಡೆ, ತೆಂಗಿನ ಗರಿ ಹೇಗೂ ಇರುತ್ತದೆ. ನಾಲ್ಕು ಜನರ ಸ್ನಾನಕ್ಕೆ ಎರಡು ಮೂರು ಕೆಜಿ ಒಣ ಸೌದೆ ಸಾಕು. ಕರೆಂಟ್ ಮೂರು ದಿನ ಹೋದರೂ ಬಿಸಿನೀರು ನಿಲ್ಲಲ್ಲ. ಮಳೆಗಾಲದಲ್ಲಿ ಆ ಬಚ್ಚಲೊಲೆಯ ಶಾಖಕ್ಕೆ ಬಟ್ಟೆಯೂ ಒಣಗುತ್ತದೆ.

ಹಳೆಯ ತೆರೆದ ಒಲೆಯ ದೋಷ ಹೊಗೆ, ಮತ್ತೆ ಮುಕ್ಕಾಲು ಪಾಲು ಬಿಸಿ ಗಾಳಿಗೆ ಹೋಗುವುದು. ಅದಕ್ಕೆ ಪರಿಹಾರ ಇದೆ. ನಡುವೆ ಹೊಗೆಕೊಳವೆ ಹಾದುಹೋಗುವ ತಾಮ್ರದ ಅಥವಾ ಸ್ಟೀಲಿನ ಕಟ್ಟಿಗೆ ಬಾಯ್ಲರ್ ಸಿಗುತ್ತದೆ. ಅದನ್ನು ಬಚ್ಚಲ ಹೊರಗೆ ಕೂರಿಸಿ, ಹೊಗೆ ಸೂರಿನ ಮೇಲೆ ಹೋಗುವಂತೆ ಮಾಡಿ, ನಲ್ಲಿ ಮಾತ್ರ ಒಳಗೆ ಕೊಡಿ. ಬಕೆಟ್ ಎತ್ತುವ ಕಷ್ಟ ತಪ್ಪುತ್ತದೆ. ಆವಿ ಹೊರಹೋಗಲು ಮೇಲೆ ತೆರೆದ ಪೈಪ್ ಇರಲೇಬೇಕು, ಅದಕ್ಕೆ ಮುಚ್ಚಳ, ವಾಲ್ವ್ ಏನೂ ಹಾಕಬಾರದು. ತಾಮ್ರದ ಬೆಲೆ ತೂಕದ ಮೇಲೆ. ಹಳೆಯ ಹಂಡೆ ಕೊಟ್ಟು ಬದಲಿಗೆ ತರುವಾಗ ತೂಕ ನಿಮ್ಮ ಕಣ್ಣೆದುರೇ ಆಗಲಿ.

ಪೇಟೆಯಲ್ಲಿ ಸೌದೆ ಕೊಂಡು ಉರಿಸುವವರಿಗೆ ಇದು ಲಾಭವಿಲ್ಲ. ವಯಸ್ಸಾದವರು ಇಬ್ಬರೇ ಇರುವ ತೋಟದ ಮನೆಗೂ ಇದೊಂದೇ ಸಾಲದು. ಅಂಥ ಕಡೆ ಹಂಡೆಯ ಪಕ್ಕದಲ್ಲೇ 15 ಲೀಟರ್ ಗೀಸರ್ ಹಾಕಿಸಿ. ಕರೆಂಟ್ ಇದ್ದ ದಿನ ಗೀಸರ್, ಇಲ್ಲದ ದಿನ ಒಲೆ.

ಹೀಟ್ ಪಂಪ್ ಬಗ್ಗೆ ಹೋಂಸ್ಟೇ ನಡೆಸುವವರು ಕೇಳುತ್ತಾರೆ. ಗಾಳಿಯಲ್ಲಿನ ಬಿಸಿಯನ್ನು ಹೀರಿ ನೀರಿಗೆ ಕೊಡುವ ಯಂತ್ರ, ಫ್ರಿಜ್ ಉಲ್ಟಾ ಕೆಲಸ ಮಾಡಿದ ಹಾಗೆ. ಒಂದು ಯೂನಿಟ್ ಕರೆಂಟಿಗೆ ಮೂರು ಯೂನಿಟ್ಟಿನಷ್ಟು ಬಿಸಿ ಕೊಡುತ್ತದೆ. ಮಳೆಯಲ್ಲೂ ರಾತ್ರಿಯಲ್ಲೂ ನಡೆಯುತ್ತದೆ. ಬೆಲೆ ಲಕ್ಷದ ಆಸುಪಾಸು, ರಿಪೇರಿಗೆ ಎಸಿ ಮೆಕ್ಯಾನಿಕ್ ಬೇಕು. ದಿನಕ್ಕೆ ಮುನ್ನೂರು ನಾನೂರು ಲೀಟರ್ ಬಿಸಿನೀರು ಬೇಕಾದವರಿಗೆ ಸರಿ. ಮನೆಮಂದಿಗೆ ಜಾಸ್ತಿಯಾಯಿತು.

ಹಾಗಾದರೆ ಯಾರಿಗೆ ಯಾವುದು?

ಹಾಸನ ಅಥವಾ ಚಿಕ್ಕಮಗಳೂರು ನಗರದ ಮೂರು ನಾಲ್ಕು ಜನರ ಸಂಸಾರ, ಬಕೆಟ್ ಸ್ನಾನ, ಕೈಯಲ್ಲಿ ಹತ್ತು ಸಾವಿರ: ಟ್ಯಾಂಕ್ ಗೀಸರ್. ಎರಡನೇ ಯೋಚನೆ ಬೇಡ. ಸೋಲಾರ್ ಆಸೆ ಇದ್ದರೆ ಈಗಲೇ ಸಿಪಿವಿಸಿ ಪೈಪ್ ಎಳೆಸಿಡಿ, ಮುಂದೆ ಜೋಡಿಸಬಹುದು.

ಕಡೂರು, ಅರಸೀಕೆರೆ ಕಡೆಯ ದೊಡ್ಡ ಮನೆ: ಕೊಳವೆ ಸೋಲಾರ್, ವರ್ಷಕ್ಕೊಮ್ಮೆ ಟ್ಯಾಂಕ್ ತೊಳೆಸುವ ಒಪ್ಪಂದದೊಂದಿಗೆ. ನೀರು ತೀರಾ ಗಡಸಾದರೆ ಮಳೆನೀರು ಹಿಡಿದಿಟ್ಟು ಬಿಸಿನೀರಿನ ಲೈನಿಗೆ ಅದನ್ನೇ ಬಿಡುವುದು ನೀರು ಮೆದು ಮಾಡುವ ಸಾಫ್ಟ್‌ನರ್ ಯಂತ್ರ ಕೊಳ್ಳುವುದಕ್ಕಿಂತ ಅಗ್ಗ.

ಮೂಡಿಗೆರೆ, ಸಕಲೇಶಪುರದ ತೋಟದ ಮನೆ: ಕಟ್ಟಿಗೆ ಬಾಯ್ಲರ್ ಮತ್ತು ಚಿಕ್ಕ ಗೀಸರ್. ಅಲ್ಲಿ ಸೋಲಾರ್ ಮೂರನೆಯದಾಗಿ ಬಂದರೆ ಸೊಗಸು, ಮೊದಲನೆಯದಾಗಿ ಬಂದರೆ ಮಳೆಗಾಲ ಪೂರ್ತಿ ಬೇಸರ. ಸೌದೆಯೂ ಇಲ್ಲ, ಕರೆಂಟನ್ನೂ ನಂಬುವ ಹಾಗಿಲ್ಲ ಅನ್ನುವವರಿಗೆ ಹೊರಗೋಡೆಯ ಗ್ಯಾಸ್ ಗೀಸರ್.

ಹಾಕಿಸುವ ದಿನ

ಮಳೆಗೆ ಮುಂಚೆ, ಏಪ್ರಿಲ್‌ನಲ್ಲೇ ಮುಗಿಸಿಕೊಳ್ಳಿ. ಜೂನ್‌ನಲ್ಲಿ ಪ್ಲಂಬರ್ ಸಿಗಲ್ಲ, ಸಿಕ್ಕರೂ ಪಾಚಿ ಹಿಡಿದ ತಾರಸಿ ಮೇಲೆ ಹತ್ತಿಸುವುದು ಅಪಾಯ.

25 ಲೀಟರ್ ಗೀಸರ್ ನೀರು ತುಂಬಿದರೆ 35 ಕೆಜಿ ದಾಟುತ್ತದೆ. ಹಳೆಯ ಮಣ್ಣಿನ ಗೋಡೆಯಲ್ಲಿ ಬೋಲ್ಟ್ ನಿಲ್ಲಲ್ಲ. ಆಚೆ ಬದಿಗೆ ಪ್ಲೇಟ್ ಕೊಟ್ಟು ಬಿಗಿಸಿ, ಇಲ್ಲವೇ ಕೆಳಗಿಂದ ಆಧಾರ ಕೊಡಿ. ವೈರ್, ಸಾಕೆಟ್ ಹಳೆಯದಾಗಿದ್ದರೆ ಗೀಸರಿಗೆ ಬೇರೆಯೇ ಲೈನ್, 16 ಆಂಪಿಯರ್ ಸಾಕೆಟ್, 30 ಮಿಲಿ ಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದ ಕೂಡಲೇ ಲೈನ್ ಕಡಿಯುವ ಸ್ವಿಚ್) ಹಾಕಿಸಿ. ಅರ್ಥಿಂಗ್ ಗುಂಡಿ ಬೇಸಿಗೆಯಲ್ಲಿ ಒಣಗಿರುತ್ತದೆ, ನೀರು ಹೊಯ್ದು ಮೀಟರ್ ಇಟ್ಟು ನೋಡಲು ಹೇಳಿ. ಮಂಜೂರಾದ ಲೋಡ್ ಸಾಲದಿದ್ದರೆ ಹೆಚ್ಚಿಸಿಕೊಳ್ಳಲು ಅರ್ಜಿ ಹಾಕಬೇಕು. ಹಾಸನದವರಿಗೆ ಸೆಸ್ಕ್, ಚಿಕ್ಕಮಗಳೂರಿನವರಿಗೆ ಮೆಸ್ಕಾಂ. ಟ್ಯಾಂಕ್ ತುಂಬಿ ಬಿಸಿನೀರಿನ ನಲ್ಲಿಯಲ್ಲಿ ನೀರು ಬಂದ ಮೇಲೆಯೇ ಸ್ವಿಚ್ ಹಾಕಿ, ಬರಿ ಟ್ಯಾಂಕಿಗೆ ಕರೆಂಟ್ ಕೊಟ್ಟರೆ ಕಾಯಿಲ್ ಸುಡುತ್ತದೆ.

ಹಳೆಯ ಗೀಸರನ್ನು ಅಂಗಡಿಯವರಿಗೆ ಬಿಟ್ಟಿ ಕೊಡಬೇಡಿ. ಒಳಟ್ಯಾಂಕ್ ತಾಮ್ರದ್ದಾದರೆ ಗುಜರಿಯಲ್ಲೂ ಒಳ್ಳೆಯ ಬೆಲೆ ಇದೆ. ವಾರಂಟಿ ಕಾರ್ಡಿನ ಮೇಲೆ ಸೀಲು, ತಾರೀಕು ಹಾಕಿಸಿ ಫೋಟೋ ತೆಗೆದಿಟ್ಟುಕೊಳ್ಳಿ. ಸೋಲಾರ್ ಆದರೆ ಕೂರಿಸಿದ ಕೂಲಿಯಲ್ಲಿ ಸ್ವಲ್ಪ ಬಾಕಿ ಉಳಿಸಿಕೊಂಡು, ಎರಡು ಬೆಳಗ್ಗೆ ನೀರು ನೋಡಿದ ಮೇಲೆ ಕೊಡಿ.